ಸತ್ಯಾಂಶ: ಕೆಟ್ಟ ಮಾಂಸ ಮುಚ್ಚೋಕೆ ಮೆಣಸು?

ಮೈಸೂರಿನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಮತ್ತೆ ಬಂದಿದೆ: ‘ಯುರೋಪಿನವರು ಕೊಳೆತ ಮಾಂಸದ ವಾಸನೆ ಮುಚ್ಚಲು ನಮ್ಮ ಕಾಳುಮೆಣಸು ಹುಡುಕಿಕೊಂಡು ಬಂದರು.’ ಓದೋಕೆ ಮಜವಾಗಿದೆ, ನಿಜವಲ್ಲ.

ಲೆಕ್ಕ ಹಾಕಿ ನೋಡಿ. ಮಲಬಾರಿನ ಮೆಣಸು ಅರಬ್ಬರು, ವೆನಿಸ್ ವ್ಯಾಪಾರಿಗಳ ಕೈದಾಟಿ ಹೋಗುವಷ್ಟರಲ್ಲಿ ದುಬಾರಿಯಾಗುತ್ತಿತ್ತು. ಅದನ್ನು ಕೊಳ್ಳುವ ಶ್ರೀಮಂತನಿಗೆ ತಾಜಾ ಮಾಂಸಕ್ಕೆ ಬರವೇ? ಮಾಂಸ ಕೆಡದಂತೆ ಇಡಲು ಅವರು ಉಪ್ಪು ಹಚ್ಚುತ್ತಿದ್ದರು, ಒಣಗಿಸುತ್ತಿದ್ದರು, ಹೊಗೆ ಹಾಕುತ್ತಿದ್ದರು. ಕೆಟ್ಟ ಮಾಂಸಕ್ಕೆ ಮೆಣಸು ಉದುರಿಸಿದರೂ ಹೊಟ್ಟೆ ಕೆಡುವುದು ತಪ್ಪಲ್ಲ!

ಹಾಗಾದರೆ ಯಾಕೆ ಬೇಕಿತ್ತು? ರುಚಿಗೆ, ಅಂತಸ್ತಿಗೆ, ಔಷಧಿಗೆ. ನಾವು ಉಷ್ಣ, ಶೀತ ಅಂತೀವಲ್ಲ, ಅಂಥದ್ದೇ ನಂಬಿಕೆ ಅಲ್ಲೂ ಇತ್ತು. ಮೀನು ತಂಪು, ಮೆಣಸು ಬಿಸಿ, ಎರಡೂ ಸೇರಿದರೆ ಸಮ. ನೆಗಡಿಗೆ ಅಜ್ಜಿ ಮಾಡುವ ಮೆಣಸಿನ ಸಾರಿನ ದೂರದ ನೆಂಟ ಅನ್ನಿ. ಇನ್ನು ಅಂತಸ್ತಿನ ಮಾತು: ಕ್ರಿ.ಶ. 408ರಲ್ಲಿ ರೋಮ್ ಮುತ್ತಿದ ಗೋಥರ ದೊರೆ ಅಲಾರಿಕ್, ಮುತ್ತಿಗೆ ತೆಗೆಯಲು ಚಿನ್ನದ ಜೊತೆ 3,000 ಪೌಂಡ್ ಮೆಣಸನ್ನೂ ಕೇಳಿದ್ದ.

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆ ಹತ್ತಿರ ಇಳಿದದ್ದು ಮಧ್ಯವರ್ತಿಗಳನ್ನು ಬಿಟ್ಟು ನೇರ ಖರೀದಿಸಲು. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಪೋರ್ಚುಗೀಸರು ಇಟ್ಟ ಹೆಸರೇ ‘ಮೆಣಸಿನ ರಾಣಿ’. ತಮಾಷೆ ಎಂದರೆ, ಮುಂದೆ ಮಸಾಲೆ ಅಗ್ಗವಾಗುತ್ತಿದ್ದಂತೆ ಫ್ರಾನ್ಸಿನ ಸಿರಿವಂತರ ಅಡುಗೆ ಬೆಣ್ಣೆ, ಸೊಪ್ಪಿನ ಕಡೆ ವಾಲಿತು. ಎಲ್ಲರಿಗೂ ಸಿಗೋದರಲ್ಲಿ ಜಂಬ ಎಲ್ಲಿ, ಅಲ್ವಾ?

ಅದೇ ಫಾರ್ವರ್ಡ್‌ನಲ್ಲಿದ್ದ ಚಿತ್ರ ಬ್ಯಾಡಗಿ ಮೆಣಸಿನಕಾಯಿಯದು. ಮೆಣಸಿನಕಾಯಿಯ ತವರು ಅಮೆರಿಕ. ಇಲ್ಲಿಗೆ ತಂದವರು ಪೋರ್ಚುಗೀಸರು.