ಕೀಮೋ ಮೊದಲೇ ಪರೀಕ್ಷಿಸುವ ಲ್ಯಾಬ್ ಟೆಸ್ಟ್: ಮೊದಲ ಸುತ್ತಿಗೆ ಬೇಡ

ಗಡ್ಡೆಯ ಒಂದು ಚೂರನ್ನು ಲ್ಯಾಬಿಗೆ ಕಳಿಸಿದರೆ ಯಾವ ಕೀಮೋ ನಾಟುತ್ತದೆ, ಯಾವುದು ನಾಟುವುದಿಲ್ಲ ಅಂತ ಮೊದಲೇ ಹೇಳುವ ಪರೀಕ್ಷೆ ಇದೆ. ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಗಿ ಕಂಗಾಲಾದ ಮನೆಯವರಿಗೆ ಕೇಳಲು ಹಿತವಾದ ಮಾತು. ಆದರೆ ಮೊದಲ ಸುತ್ತಿನ ಕೀಮೋಗೆ ಇದಕ್ಕೆ ದುಡ್ಡು ಸುರಿಯಬೇಡಿ.

ಪರೀಕ್ಷೆಗೆ ಜೀವಂತ ಕೋಶಗಳೇ ಬೇಕು. ಬಯಾಪ್ಸಿಯ ಫಾರ್ಮಲಿನ್ ಡಬ್ಬಿಗೆ ಬಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಆಪರೇಷನ್ ಥಿಯೇಟರಿನಲ್ಲೇ ಚೂರನ್ನು ಆಂಟಿಬಯೋಟಿಕ್ ಬೆರೆಸಿದ ಸ್ಟೆರೈಲ್ ಮೀಡಿಯಂಗೆ (ಕೋಶಗಳನ್ನು ಜೀವಂತ ಇಡುವ ದ್ರವ) ಹಾಕಿ ಐಸ್ ಪ್ಯಾಕ್ ಜೊತೆ ಕಟ್ಟಬೇಕು, ಹೆಪ್ಪುಗಟ್ಟಿದರೂ ಕೆಟ್ಟಿತು. ಒಂದೆರಡು ದಿನದೊಳಗೆ ಲ್ಯಾಬ್ ಸೇರಬೇಕು. ಶಿವಮೊಗ್ಗದಿಂದ ಬೆಂಗಳೂರು ಸುಮಾರು 300 ಕಿ.ಮೀ.; ಶನಿವಾರ ಸಂಜೆ ಕೊರಿಯರ್‌ಗೆ ಕೊಟ್ಟ ಪೆಟ್ಟಿಗೆ ಸೋಮವಾರದವರೆಗೆ ಎಲ್ಲೋ ಬಿದ್ದಿದ್ದರೆ ಆಶ್ಚರ್ಯವಿಲ್ಲ. ಲ್ಯಾಬಿನಲ್ಲಿ ಚೂರನ್ನು ಕೊಚ್ಚಿ, ಕಿಣ್ವ ಹಾಕಿ ಕೋಶ ಬಿಡಿಸಿ, 96 ಗುಳಿಯ ಪ್ಲೇಟಿನಲ್ಲಿ ಬೇರೆ ಬೇರೆ ಪ್ರಮಾಣದ ಔಷಧಿಯೊಂದಿಗೆ 37 ಡಿಗ್ರಿಯಲ್ಲಿ ಸುಮಾರು ಆರು ದಿನ ಇಡುತ್ತಾರೆ. ಬದುಕಿ ಉಳಿದ ಕೋಶಗಳ ಎಟಿಪಿ (ಜೀವಂತ ಕೋಶದಲ್ಲಿರುವ ಶಕ್ತಿಯ ಅಣು) ಅಳೆಯಲು, ಅದರೊಂದಿಗೆ ಸೇರಿ ಬೆಳಕು ಕೊಡುವ ಲೂಸಿಫೆರೇಸ್ ಹಾಕುತ್ತಾರೆ. ಮುಂಗಾರಿಗೆ ಮುಂಚೆ ನಮ್ಮ ಕಾಡಂಚಿನಲ್ಲಿ ಮಿನುಗುವ ಮಿಂಚುಹುಳದ ಕಿಣ್ವವೇ ಅದು! ಬೆಳಕು ಕಡಿಮೆಯಾದಷ್ಟೂ ಔಷಧಿ ಹೆಚ್ಚು ಕೋಶ ಕೊಂದಿದೆ ಅಂತ ಲೆಕ್ಕ.

ಎಡವಟ್ಟು ಆಗುವುದೂ ಇಲ್ಲೇ. ಚೂರಿನಲ್ಲಿ ಫೈಬ್ರೋಬ್ಲಾಸ್ಟ್ (ಕ್ಯಾನ್ಸರ್ ಅಲ್ಲದ ಪೋಷಕ ಅಂಗಾಂಶದ ಕೋಶ) ಜಾಸ್ತಿ ಇದ್ದರೆ ಅವುಗಳ ಬೆಳಕೂ ಸೇರಿ, ನಾಟಿದ ಔಷಧಿಯೂ ನಾಟಿಲ್ಲ ಅಂತ ಕಾಣುತ್ತದೆ. ಪ್ಲೇಟಿಗೆ ಲಿವರ್ ಇಲ್ಲ. ಸೈಕ್ಲೋಫಾಸ್ಫಮೈಡ್ ಲಿವರ್‌ನಲ್ಲಿ ಮಾರ್ಪಟ್ಟ ಮೇಲಷ್ಟೇ ಕೆಲಸ ಮಾಡುವ ಮದ್ದು, ಹಾಗೇ ಸುರಿದರೆ ಏನೂ ಆಗದು. ಅಂಡಾಶಯದ ಗಡ್ಡೆ ಮತ್ತು ಹೊಟ್ಟೆಯ ಪರದೆಗೆ ಹಬ್ಬಿದ ಗಡ್ಡೆ ಒಂದೇ ಉತ್ತರ ಕೊಡಬೇಕೆಂದೂ ಇಲ್ಲ.

ಎಲ್ಲ ಸರಿಯಾದರೂ ಮೊದಲ ಚಿಕಿತ್ಸೆ ಬದಲಾಗುವುದಿಲ್ಲ. ಪ್ಲಾಟಿನಂ ಬಗೆಯ ಮದ್ದಾದ ಕಾರ್ಬೋಪ್ಲಾಟಿನ್ ಜೊತೆ ಪ್ಯಾಕ್ಲಿಟ್ಯಾಕ್ಸೆಲ್, ಮೂರು ವಾರಕ್ಕೊಮ್ಮೆ, ಸಾಮಾನ್ಯವಾಗಿ ಆರು ಸಲ. ಹೆಚ್ಚಿನವರಲ್ಲಿ ಗಡ್ಡೆ ಕರಗುತ್ತದೆ. ರಿಪೋರ್ಟಿನಲ್ಲಿ ‘ಪ್ಲಾಟಿನಂ ನಾಟದು’ ಅಂತ ಬಂದರೆ ಯಾವ ಡಾಕ್ಟರ್ ತಾನೇ ಅದನ್ನು ಕೈಬಿಡುತ್ತಾರೆ? ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಆಸ್ಕೊ 2004ರಲ್ಲೂ 2011ರಲ್ಲೂ, ಸಂಶೋಧನೆಯ ಹೊರಗೆ ಇದನ್ನು ನೆಚ್ಚಿ ಔಷಧಿ ಆರಿಸಬೇಡಿ ಅಂತಲೇ ಹೇಳಿತು. ಕಾಯಿಲೆ ಮರುಕಳಿಸಿದಾಗಲೂ ಮೊದಲು ನೋಡುವುದು ಕೊನೆಯ ಪ್ಲಾಟಿನಂ ಆಗಿ ಆರು ತಿಂಗಳು ದಾಟಿತ್ತೇ ಅನ್ನುವುದನ್ನು.

ಆ ದುಡ್ಡನ್ನು ಬಿಆರ್‌ಸಿಎ (ದೋಷವಿದ್ದರೆ ಕ್ಯಾನ್ಸರ್ ಅಪಾಯ ಹೆಚ್ಚಿಸುವ, ಮನೆತನದಲ್ಲಿ ಹರಿಯಬಲ್ಲ ಜೀನ್) ಪರೀಕ್ಷೆಗೆ ಇಡಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಸಾಕು. ದೋಷ ಕಂಡರೆ ಕೀಮೋ ನಂತರ ಓಲಾಪರಿಬ್ ಮಾತ್ರೆಯ ದಾರಿ ಇದೆ. ಅಕ್ಕತಂಗಿಯರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ರಕ್ತದಲ್ಲಿ ಸಿಗದಿದ್ದರೆ ಗಡ್ಡೆಯಲ್ಲೇ ಹುಡುಕಲು ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ಚೂರು) ಬೇಕು. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿಯಿಂದ ಸ್ಲೈಡ್ ಜೊತೆ ಬ್ಲಾಕನ್ನೂ ಕೇಳಿ ಪಡೆಯಿರಿ. ಮಣಿಪಾಲಕ್ಕೋ ಕಿದ್ವಾಯಿಗೋ ಒಯ್ಯುವಾಗ ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಮೇಣ ಮೆತ್ತಗಾಗುತ್ತದೆ.