ಟೆಂಟ್ ಹಾಕೋಣ, ಹೊಲ ಮಾತ್ರ ಹೊಲವಾಗಿಯೇ ಇರಲಿ

ನಮ್ಮ ಚಿತ್ರದುರ್ಗದ ಕಡೆ ಈಗ ಒಂದು ಹೊಸ ಆಸೆ ಹಬ್ಬುತ್ತಿದೆ. ಒಂದೆರಡು ಎಕರೆ ಬದಿಗೆ ತೆಗೆಯುವುದು, ನಾಲ್ಕು ರೂಮು ಕಟ್ಟಿಸುವುದು, ಈಜುಕೊಳ ತೋಡಿಸುವುದು, ಲಾನ್ ಹಾಕಿಸುವುದು, ಗೇಟಿಗೆ 'ಫಾರ್ಮ್ ಸ್ಟೇ' ಅಂತ ಬೋರ್ಡ್ ತೂಗಿಸುವುದು. ಬೆಂಗಳೂರಿಂದ ಹೈವೇಯಲ್ಲಿ ಇನ್ನೂರು ಕಿಲೋಮೀಟರ್ ಅಷ್ಟೇ, ಶನಿವಾರ ಭಾನುವಾರ ಜನ ಬಂದೇ ಬರುತ್ತಾರೆ ಅನ್ನುವುದು ಲೆಕ್ಕ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಜನ ಬರಲಿ. ಹೊಲದಲ್ಲೇ ಮಲಗಲಿ. ಆದರೆ ಅವರಿಗಾಗಿ ರೈತ ಒಂದು ಇಟ್ಟಿಗೆಯನ್ನೂ ಇಡಬಾರದು. ಬರುವವರು ಟೆಂಟ್ ತರಲಿ, ಹೊಲದ ಕೆಲಸ ಹೇಗೆ ನಡೆಯುತ್ತದೋ ಹಾಗೇ ನಡೆಯಲಿ, ಅವರು ಅದಕ್ಕೆ ಹೊಂದಿಕೊಳ್ಳಲಿ.

ಯಾಕೆ ಅಂತೀರಾ? ಮೊದಲನೆಯದು ಸಾಲ. ಒಂದು ರೂಮು ಅಂದರೆ ಅದಕ್ಕೊಂದು ಬಾತ್‌ರೂಮು, ಗೀಸರ್, ಹಾಸಿಗೆ, ಎಸಿ, ನೋಡಿಕೊಳ್ಳೋಕೆ ಒಬ್ಬ ಆಳು. ಕೃಷಿ ಜಮೀನಿನಲ್ಲಿ ಇಂಥ ಕಟ್ಟಡ ಎಬ್ಬಿಸಲು ಭೂಪರಿವರ್ತನೆ ಆಗಬೇಕು, ಅದಕ್ಕೆ ಕಚೇರಿ ಅಲೆದಾಟ. ಇಷ್ಟೆಲ್ಲ ಆದಮೇಲೆ ಆ ರೂಮು ವಾರದಲ್ಲಿ ಐದು ದಿನ ಖಾಲಿ. ಬಡ್ಡಿ ಮಾತ್ರ ಏಳೂ ದಿನ ಓಡುತ್ತದೆ. ಶೇಂಗಾ ಕೈಕೊಟ್ಟ ವರ್ಷ ಸಾಲ ಕಟ್ಟಲಾಗದೆ ಒದ್ದಾಡುವ ಮನುಷ್ಯನಿಗೆ ಇನ್ನೊಂದು ಸಾಲ ಹೊರಿಸುವುದು ಯಾವ ಸೀಮೆಯ ಅಭಿವೃದ್ಧಿ?

ಎರಡನೆಯದು ನೀರು. ನಮ್ಮದು ವಾಣಿವಿಲಾಸ ಸಾಗರ ತುಂಬುವುದನ್ನು 89 ವರ್ಷ ಕಾದ ಜಿಲ್ಲೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. 2025ರ ಜನವರಿಯಲ್ಲಿ ಇನ್ನೊಮ್ಮೆ ಬಿತ್ತು. ಕೋಡಿ ನೀರು ನೋಡೋಕೆ ಮುದುಕರು ಮಕ್ಕಳೆಲ್ಲ ಟ್ರ್ಯಾಕ್ಟರ್ ಹತ್ತಿ ಹೊರಟಿದ್ದರು. ಮಾರಿಕಣಿವೆ ಅಂತಲೂ ಕರೆಯುವ ಆ ಜಲಾಶಯ ತುಂಬಿದರೂ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಒಣ ಹೊಲಕ್ಕೆ ಆ ನೀರು ಹತ್ತುವುದಿಲ್ಲ. ಅಲ್ಲಿ ನೂರಾರು ಅಡಿ ಕೊರೆದ ಬೋರ್‌ವೆಲ್ಲೇ ಗತಿ. ಆ ನೀರನ್ನು ಎತ್ತಿ, ಪಕ್ಕದಲ್ಲಿ ಈರುಳ್ಳಿ ಒಣಗುತ್ತಿರುವಾಗ, ಇಬ್ಬರು ಈಜಲಿ ಅಂತ ಕೊಳಕ್ಕೆ ತುಂಬಿಸುವುದನ್ನು ನಾನಂತೂ ಒಪ್ಪಲಾರೆ. ಟೆಂಟಿನಲ್ಲಿ ಮಲಗುವವನಿಗೆ ಬೇಕಾದ್ದು ಒಂದು ಕೊಡ ಕುಡಿಯೋಕೆ, ಎರಡು ಬಕೆಟ್ ತೊಳೆಯೋಕೆ. ಅಷ್ಟು ನೀರನ್ನು ಯಾವ ರೈತನೂ ಇಲ್ಲ ಅನ್ನುವುದಿಲ್ಲ.

ಕ್ಯಾಂಪಿಂಗ್ ಅನ್ನುವುದು ನಮಗೆ ಹೊಸದೇನೂ ಅಲ್ಲ. ಕುರಿಯವರನ್ನು ನೋಡಿ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಇವತ್ತಿಗೂ ಇದೆ. ರಾತ್ರಿಯೆಲ್ಲ ಮಂದೆ ಹೊಲದಲ್ಲೇ ಮಲಗುತ್ತದೆ. ಹಿಕ್ಕೆ, ಗಂಜಲ ಎರಡೂ ನೆಲಕ್ಕೆ ಬೀಳುತ್ತದೆ. ಹೊಲದವನು ಅದಕ್ಕೆ ದುಡ್ಡನ್ನೋ ಕಾಳನ್ನೋ ಕೊಡುತ್ತಾನೆ. ಮರುದಿನ ಪಕ್ಕದ ತಾಕಿಗೆ ಮಂದೆ ಸರಿಯುತ್ತದೆ. ಹೀಗೆ ಇಡೀ ಹೊಲಕ್ಕೆ ಗೊಬ್ಬರ. ಕುರಿಯವರು ಮೂರು ಕಲ್ಲು ಹೂಡಿ ಮುದ್ದೆ ಬೇಯಿಸುತ್ತಾರೆ, ಎಳೆ ಮರಿಗಳನ್ನು ಬಲೆಯೊಳಗೆ ಕೂಡುತ್ತಾರೆ, ನಾಯಿಗಳನ್ನು ಬಿಟ್ಟು ಕಂಬಳಿ ಹೊದ್ದು ನೆಲದಲ್ಲೇ ಮಲಗುತ್ತಾರೆ. ಮಳೆ ಬಂದರೆ ಅದೇ ಕಂಬಳಿ ತಲೆಗೆ ಕೊಪ್ಪೆಯಾಗುತ್ತದೆ. ಚಳ್ಳಕೆರೆ ಕಂಬಳಿ ಹೆಸರಾಗಿದ್ದು ಸುಮ್ನೆ ಅಲ್ಲ. ಅವರು ಎದ್ದು ಹೋದಮೇಲೆ ಹೊಲದಲ್ಲಿ ಉಳಿಯುವುದು ಬೂದಿ ಮತ್ತು ಗೊಬ್ಬರ ಮಾತ್ರ. ಹೊಲದಲ್ಲಿ ಉಳಿಯಲು ಬರುವ ಯಾರಿಗಾದರೂ ನಾನು ತೋರಿಸುವ ಮಾದರಿ ಇದೇ. ತಾವು ಉಳಿದುಕೊಂಡ ಹೊಲಕ್ಕೆ ಏನಾದರೂ ಕೊಟ್ಟು ಹೋಗುವವರು ಅವರು.

ನನ್ನ ದೊಡ್ಡಪ್ಪನ ಮಗ ಚಳ್ಳಕೆರೆ ತಾಲ್ಲೂಕಿನಲ್ಲಿ ಹೀಗೆ ಜನರನ್ನು ಉಳಿಸಿಕೊಳ್ಳುತ್ತಾನೆ. ಶೇಂಗಾ, ರಾಗಿ, ಒಂದಿಷ್ಟು ಈರುಳ್ಳಿ, ಎರಡು ಎಮ್ಮೆ, ಒಂದಷ್ಟು ಮೇಕೆ. ಹುಣಸೆಮರದ ಹತ್ತಿರ ಗಟ್ಟಿ ನೆಲದ ಒಂದು ಮೂಲೆ ಬಿಟ್ಟಿದ್ದಾನೆ. ಅಲ್ಲಿ ಮೂರು ಟೆಂಟಿಗಿಂತ ಜಾಸ್ತಿ ಹಾಕಲು ಬಿಡುವುದಿಲ್ಲ. ಲೈಟ್ ಇಲ್ಲ. ಮೊಬೈಲ್ ಚಾರ್ಜಿಗೆ ಮನೆ ಜಗಲಿಯಲ್ಲಿ ಒಂದು ಪ್ಲಗ್ ಇದೆ, ಕರೆಂಟ್ ಇದ್ದರೆ ಉಂಟು. ಸ್ನಾನಕ್ಕೆ ತೊಟ್ಟಿ ಪಕ್ಕ ಗರಿ ಮರೆ. ಕಕ್ಕಸಿಗೆ ಗುಂಡಿ, ಮೇಲೆ ಹಲಗೆ, ಸುತ್ತ ಚಪ್ಪರದ ಮರೆ, ಪಕ್ಕದಲ್ಲಿ ಬೂದಿ ಮತ್ತು ಮಣ್ಣಿನ ಪುಟ್ಟಿ. ಹೋದಮೇಲೆ ಎರಡು ಬೊಗಸೆ ಹಾಕಿದರೆ ವಾಸನೆಯೂ ಇಲ್ಲ, ನೊಣವೂ ಇಲ್ಲ. ಆ ಗುಂಡಿಯನ್ನು ಅವನು ತೊಟ್ಟಿಯಿಂದ, ಬೋರಿನಿಂದ ಇನ್ನೂರು ಅಡಿ ಆಚೆಗೇ ತೋಡಿಸಿದ್ದಾನೆ. ನೀರಿನ ಹತ್ತಿರ ಯಾರಿಗೂ ಬಿಡುವುದಿಲ್ಲ.

ಹೋದ ಸಲ ಶೇಂಗಾ ಕೀಳುವ ಹೊತ್ತಿಗೆ ಒಂದು ಸಂಸಾರ ಬಂದಿತ್ತು. ಗಂಡ, ಹೆಂಡತಿ, ಹೈಸ್ಕೂಲಿನ ಮಗಳು. ಹುಡುಗಿ ಬೆಳಗ್ಗೆ ಎದ್ದವಳೇ ಹುಣಸೆಮರದ ನೆರಳಿಗೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತಳು. ಶೇಂಗಾ ಬಿಡಿಸುವುದು ನೋಡೋಕೆ ಸುಲಭ. ಗಿಡದ ಸೊಪ್ಪಿನ ಕಡೆ ಎಡಗೈಯಲ್ಲಿ ಹಿಡಿಯಬೇಕು, ಬೇರಿನ ಕಡೆ ಕೊಡವಿ ಮಣ್ಣು ಉದುರಿಸಬೇಕು, ಬಲಗೈ ಹೆಬ್ಬೆರಳಿನಿಂದ ಕಾಯಿಗಳನ್ನು ಒಟ್ಟಿಗೇ ಬಾಚಿ ಬುಟ್ಟಿಗೆ ಬಿಡಬೇಕು. ನಮ್ಮ ಹೆಂಗಸರು ಮಾತಾಡುತ್ತಲೇ ಇರುತ್ತಾರೆ, ಕೈ ಕಡೆ ನೋಡುವುದೇ ಇಲ್ಲ. ಅವಳು ಒಂದೊಂದೇ ಕಾಯಿ ಕಿತ್ತಳು. ಅರ್ಧ ದಿನಕ್ಕೆ ಅವಳ ಬುಟ್ಟಿ ಅರ್ಧ ತುಂಬಿತ್ತು, ಉಗುರಿನೊಳಗೆಲ್ಲ ಕೆಂಪು ಮಣ್ಣು. ಪಕ್ಕದ ಅಜ್ಜಿ ನಾಲ್ಕನೇ ಬುಟ್ಟಿಯಲ್ಲಿದ್ದರು. "ಅಜ್ಜಿ, ಒಂದು ಬುಟ್ಟಿಗೆ ಎಷ್ಟು ಕೊಡ್ತಾರೆ?" ಅಂತ ಕೇಳಿದಳು. ಅಜ್ಜಿ ಹೇಳಿದರು. ಹುಡುಗಿ ತಂದೆಯ ಕಡೆ ತಿರುಗಿ, "ಅಪ್ಪಾ, ಮಾಲ್‌ನಲ್ಲಿ ನಾವು ಪಾಪ್‌ಕಾರ್ನ್‌ಗೆ ಇದಕ್ಕಿಂತ ಜಾಸ್ತಿ ಕೊಟ್ವಿ" ಅಂದಳು. ಸಾಯಂಕಾಲ ಹಸಿ ಶೇಂಗಾ ಗಿಡವನ್ನೇ ಒಣ ಕಡ್ಡಿಯ ಮೇಲೆ ಹರಡಿ ಸುಟ್ಟು, ಬೂದಿಯಲ್ಲಿ ಹುಡುಕಿ ಹುಡುಕಿ ತಿಂದರು. ಈ ಊಟಕ್ಕೆ ಯಾರೂ ಮೆನು ಬರೆದಿರಲಿಲ್ಲ.

ಅದೇ ರಾತ್ರಿ ಎರಡು ಗಂಟೆಗೆ ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟ್ ಬಂತು. ಮೋಟಾರ್ ಶುರುವಾದ ಸದ್ದಿಗೆ ಆ ಗಂಡಸು ಟೆಂಟಿನಿಂದ ಎದ್ದು ಹೊರಬಂದರು. ಅಣ್ಣ ಟಾರ್ಚ್ ಹಿಡಿದು ಈರುಳ್ಳಿ ತಾಕಿನ ವಾಲ್ವ್ ತಿರುಗಿಸಲು ಹೊರಟಿದ್ದ. "ಮಲಗಿ ಸಾರ್, ಇದು ದಿನಾ ಇದ್ದದ್ದೇ" ಅಂದ. ಅವರು ಮಲಗಲಿಲ್ಲ, ಜೊತೆಗೇ ಹೋದರು. ಬೆಳಗಿನ ಜಾವದವರೆಗೆ ವಾಲ್ವ್ ಬದಲಿಸುತ್ತಾ ಬದುವಿನ ಮೇಲೆ ಓಡಾಡಿದರು. ರಾತ್ರಿ ಕರೆಂಟ್ ಕೊಡುವುದು ಅಂದರೆ ಏನು ಅಂತ ಪೇಪರಿನಲ್ಲಿ ಎಷ್ಟು ಓದಿದರೂ ಅವರಿಗೆ ಹೀಗೆ ತಿಳಿಯುತ್ತಿರಲಿಲ್ಲ. ಸೌಂಡ್‌ಪ್ರೂಫ್ ಗೋಡೆಯ ಕಾಟೇಜಿನಲ್ಲಿ ಮಲಗಿದ್ದರೆ ಆ ಮೋಟಾರಿನ ಸದ್ದೇ ಕೇಳುತ್ತಿರಲಿಲ್ಲ, ಅಲ್ವಾ?

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಹೊಲದಲ್ಲಿ ಉಳಿಯುವವರ ಊಟದ ಭಾರ ಯಾರ ಮೇಲೆ ಬೀಳುತ್ತದೆ? ಹೆಂಗಸರ ಮೇಲೆ. ನಮ್ಮ ಅತ್ತಿಗೆ ಐದಕ್ಕೇ ಎದ್ದು ಕಸ ಬಳಿದು, ಎಮ್ಮೆ ಕರೆದು, ಮನೆಯವರಿಗೆ ಅಡುಗೆ ಮಾಡಿ, ಹೊಲಕ್ಕೆ ಕಳೆ ತೆಗೆಯೋಕೆ ಹೋಗುವವರು. ಅದರ ಮೇಲೆ ಆರು ಜನಕ್ಕೆ ರೊಟ್ಟಿ ಬಡಿ ಅಂದರೆ ಹೇಗೆ? ಅತಿಥಿ ಸತ್ಕಾರ ಅನ್ನುವ ದೊಡ್ಡ ಮಾತಿನ ಅಡಿಯಲ್ಲಿ ಈ ದುಡಿಮೆ ಮುಚ್ಚಿಹೋಗುತ್ತದೆ. ದುಡ್ಡು ಗಂಡಸಿನ ಜೇಬಿಗೆ, ಹೊಗೆ ಹೆಂಗಸಿನ ಕಣ್ಣಿಗೆ. ನಮ್ಮ ಮನೆಯಲ್ಲಿ ಈಗ ಬೇರೆ ಥರ ಮಾಡಿದ್ದೇವೆ. ಜಾಗದ ಬಾಡಿಗೆ ಅಣ್ಣನಿಗೆ. ಊಟದ ದುಡ್ಡು ನೇರ ಅತ್ತಿಗೆಯ ಫೋನ್‌ಪೇಗೆ. ಎಷ್ಟು ಅಂತ ಅವರೇ ಹೇಳುತ್ತಾರೆ, ಆಗಲ್ಲ ಅಂದ ದಿನ ಆಗಲ್ಲ. ಆ ದಿನ ಬಂದವರೇ ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಾರೆ, ರಾಗಿ ಹಿಟ್ಟು, ಹುರುಳಿಕಾಳು, ತರಕಾರಿ ಮನೆಯಿಂದಲೇ ಕೊಂಡುಕೊಳ್ಳುತ್ತಾರೆ. ಯಾರಾದರೂ ತಮ್ಮ ಹೊಲದಲ್ಲಿ ಇಂಥದ್ದು ಶುರು ಮಾಡುವ ಯೋಚನೆಯಲ್ಲಿದ್ದರೆ ದಯವಿಟ್ಟು ಈ ಮಾತನ್ನು ಮೊದಲು ಮನೆಯ ಹೆಂಗಸರ ಜೊತೆ ಕೂತು ಮಾತಾಡಿ.

ಬರುವವರಿಗೂ ಕೆಲವು ಮಾತು. ನವೆಂಬರ್‌ನಿಂದ ಫೆಬ್ರವರಿವರೆಗೆ ಬನ್ನಿ. ಬೇಸಿಗೆಯಲ್ಲಿ ನಮ್ಮ ಬಿಸಿಲನ್ನು ಟೆಂಟಿನೊಳಗೆ ತಡೆಯೋಕೆ ಆಗಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ. ದುರ್ಗದ ಗುಡ್ಡಗಳ ಮೇಲೆ ಕರೆಂಟ್ ತಯಾರಿಸುವ ಅಷ್ಟೊಂದು ಫ್ಯಾನ್ ನಿಲ್ಲಿಸಿದ್ದು ಆ ಗಾಳಿ ನಂಬಿಕೊಂಡೇ, ಟೆಂಟಿನ ಗೂಟ ಅದಕ್ಕೆ ಯಾವ ಲೆಕ್ಕ? ಕುಯ್ದ ರಾಗಿ ಹೊಲದಲ್ಲಿ ಟೆಂಟ್ ಹಾಕಬೇಡಿ, ಕೂಳೆ ತಳವನ್ನು ತೂತು ಮಾಡುತ್ತದೆ. ಹಳ್ಳದ ಮರಳು ಮೆತ್ತಗಿದೆ ಅಂತ ಅಲ್ಲಿ ಮಲಗಬೇಡಿ, ಮೇಲೆಲ್ಲೋ ಮಳೆಯಾದರೆ ನೀರು ಹೇಳಿ ಬರುವುದಿಲ್ಲ. ತೆಂಗಿನಮರದ ಕೆಳಗೂ ಬೇಡ. ಎರೆ ಭೂಮಿ ಆದರೆ ಒಂದು ಹದ ಮಳೆಗೇ ನಿಮ್ಮ ಕಾರು ಅಲ್ಲೇ ಹೂತುಕೊಳ್ಳುತ್ತದೆ.

ಹಾವಿನ ವಿಷಯದಲ್ಲಿ ಧೈರ್ಯ ತೋರಿಸಬೇಡಿ. ಬದುವಿನ ಬಿಲ, ಕಲ್ಲುಗುಡ್ಡೆ, ಸೊಪ್ಪಿನ ರಾಶಿ ಇವುಗಳಿಂದ ದೂರ ಇರಿ. ಕಟ್ಟುಹಾವು ರಾತ್ರಿ ಓಡಾಡುವಂಥದ್ದು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ಕಚ್ಚಿದ್ದೇ ಗೊತ್ತಾಗುವುದಿಲ್ಲ. ಆದ್ದರಿಂದ ಟೆಂಟಿನ ಜಿಪ್ ಪೂರ್ತಿ ಹಾಕಲೇಬೇಕು. ಬಯಲಲ್ಲೇ ಮಲಗುವ ಆಸೆ ಇದ್ದರೆ ಮಂಚದ ಮೇಲೆ, ಸೊಳ್ಳೆ ಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿ ಮಲಗಿ. ಕತ್ತಲಲ್ಲಿ ಟಾರ್ಚ್ ಇಲ್ಲದೆ ಒಂದು ಹೆಜ್ಜೆಯೂ ಬೇಡ, ಕೊಳಕುಮಂಡಲ ಒಣ ಎಲೆಯ ಬಣ್ಣದಲ್ಲೇ ಮಲಗಿರುತ್ತದೆ. ಕಚ್ಚಿದರೆ ಹಗ್ಗ ಬಿಗಿಯುವುದು, ಕುಯ್ಯುವುದು, ಬಾಯಿಂದ ಹೀರುವುದು ಯಾವುದೂ ಮಾಡಬಾರದು. ಕಚ್ಚಿದ ಕಡೆ ಅಲುಗಾಡಿಸದೆ ನೇರ ದೊಡ್ಡ ಸರ್ಕಾರಿ ಆಸ್ಪತ್ರೆಗೆ, 108ಕ್ಕೆ ಫೋನ್ ಮಾಡಿ. ಬೆಂಕಿ ಹಾಕಿದರೆ ಬಣವೆಯಿಂದ ದೂರ, ಗಾಳಿ ನೋಡಿಕೊಂಡು. ಒಂದು ಕಿಡಿ ಬಿದ್ದರೆ ವರ್ಷದ ಮೇವು ಹೋಯಿತು. ನೀರು ಸುರಿದು, ಮಣ್ಣು ಮುಚ್ಚಿ, ಕೈಯಿಟ್ಟು ನೋಡಿ ಮಲಗಿ. ಶೇಂಗಾ ಹೊಲಕ್ಕೆ ಕರಡಿ, ಕಾಡುಹಂದಿ ಬರುವ ಕಡೆ ಎಲ್ಲಿ ಮಲಗಬೇಕು ಅಂತ ಹೊಲದವನು ಹೇಳಿದ್ದೇ ಕೊನೆಯ ಮಾತು. ಇನ್ನು ಜೋಗಿಮಟ್ಟಿ ಕಾಡಿನೊಳಗೇ ಟೆಂಟ್ ಹಾಕ್ತೀವಿ ಅನ್ನುವವರಿಗೆ, ಅದು ವನ್ಯಧಾಮ, ಇಲಾಖೆಯ ಪರವಾನಗಿ ಇಲ್ಲದೆ ರಾತ್ರಿ ಉಳಿಯುವ ಹಾಗಿಲ್ಲ. ಕಾಡನ್ನು ಅದರ ಪಾಡಿಗೆ ಬಿಡಿ.

ಸದ್ದಿನ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ನಮ್ಮ ಹೊಲದಿಂದ ಸ್ವಲ್ಪ ದೂರದಲ್ಲಿ ಒಂದು ಕಡೆ ಹೀಗೇ ರೂಮು, ಕೊಳ ಎಲ್ಲ ಮಾಡಿದ್ದಾರೆ. ಶನಿವಾರ ರಾತ್ರಿ ಡಿಜೆ. ನಮ್ಮ ಎಮ್ಮೆ ಆ ಸದ್ದಿಗೆ ಬೆದರಿ ಬೆಳಗ್ಗೆ ಹಾಲು ಇಳಿಸಲಿಲ್ಲ. ರಾತ್ರಿಯಿಡೀ ಕಾವಲು ಕಾಯುವವನಿಗೆ ಹಂದಿ ಬಂದ ಸದ್ದೇ ಕೇಳಲಿಲ್ಲ. ದುಡ್ಡು ಕೊಟ್ಟಿದ್ದೀವಿ ಅಂದಮಾತ್ರಕ್ಕೆ ಸುತ್ತಲಿನ ಹತ್ತು ಹೊಲದ ನಿದ್ದೆಯನ್ನೂ ಕೊಂಡುಕೊಂಡ ಹಾಗಾಯಿತೇ?

ಇಂಗ್ಲೆಂಡಿನಲ್ಲಿ ಹೊಲದ ಕ್ಯಾಂಪಿಂಗ್ ತುಂಬಾ ಹಳೆಯ ರೂಢಿ. 2023ರ ಜುಲೈನಲ್ಲಿ ಅಲ್ಲಿ ಒಂದು ನಿಯಮ ತಂದರು. ಪ್ರತ್ಯೇಕ ಪ್ಲಾನಿಂಗ್ ಪರವಾನಗಿ ಇಲ್ಲದೆಯೇ ವರ್ಷಕ್ಕೆ 60 ದಿನ, ಹೆಚ್ಚೆಂದರೆ 50 ಟೆಂಟಿಗೆ ರೈತ ಜಾಗ ಕೊಡಬಹುದು. ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು, ಶೌಚಕ್ಕೆ ಮತ್ತು ಕಸಕ್ಕೆ ವ್ಯವಸ್ಥೆ ಮಾಡಬೇಕು. ನನಗೆ ಹಿಡಿಸಿದ್ದು ಆ 60 ದಿನದ ಮಿತಿ. ಉಳಿದ ದಿನ ಅದು ಮಾಮೂಲಿ ಹೊಲ. ನಮ್ಮಲ್ಲೂ ಸರ್ಕಾರ ಕೃಷಿ ಪ್ರವಾಸ ಅಂತ ಮಾತಾಡುವಾಗ ಕಟ್ಟಡಕ್ಕೆ ಸಬ್ಸಿಡಿ ಕೊಡುವ ಬದಲು ಇಂಥ ಸರಳ ನಿಯಮ ಮಾಡಲಿ. ಇಷ್ಟು ದಿನ, ಇಷ್ಟು ಟೆಂಟ್, ಒಂದು ಗುಂಡಿ ಕಕ್ಕಸು, ಗ್ರಾಮ ಪಂಚಾಯ್ತಿಗೆ ಒಂದು ಅರ್ಜಿ. ಅಷ್ಟು ಸಾಕು. ಎರಡು ಎಕರೆ ಇರುವವರಿಗೂ ಎಟುಕುತ್ತದೆ.

ಇದೆಲ್ಲ ಬೆಂಗಳೂರಿನ ದುಡ್ಡಿದ್ದವರ ಶೋಕಿ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ದುರ್ಗದ ಪೇಟೆಯ ಮಕ್ಕಳಿಗೂ ದಾವಣಗೆರೆಯ ಮಕ್ಕಳಿಗೂ ಹೊಲ ಅಷ್ಟೇ ದೂರವಾಗಿದೆ. 1997ರವರೆಗೆ ಎರಡೂ ಒಂದೇ ಜಿಲ್ಲೆ. ದಾವಣಗೆರೆಯಿಂದ ಜಗಳೂರಿಗೆ ಹೋದರೆ ನಮ್ಮಂಥದ್ದೇ ಒಣ ಹೊಲ ಸಿಗುತ್ತದೆ, ಭದ್ರಾ ನಾಲೆ ಕಡೆ ಹೋದರೆ ಭತ್ತದ ಗದ್ದೆ. ಮಕ್ಕಳು ಎರಡನ್ನೂ ನೋಡಬೇಕು, ಅಲ್ಲೇ ಒಂದು ರಾತ್ರಿ ಮಲಗಬೇಕು. ಶಾಲೆಯವರು ವರ್ಷಕ್ಕೊಮ್ಮೆ ವಾಟರ್ ಪಾರ್ಕಿಗೆ ಬಸ್ ಮಾಡುತ್ತಾರಲ್ಲ, ಅದರ ಕಾಲು ಭಾಗ ಖರ್ಚಿನಲ್ಲಿ ಇದು ಆಗುತ್ತದೆ.

ಅಣ್ಣನನ್ನು ಕೇಳಿ ಬರೆಯುತ್ತಿದ್ದೇನೆ. ಸರ್ಕಾರಿ ಶಾಲೆ ಮಕ್ಕಳು ಬಂದರೆ ಜಾಗಕ್ಕೆ ದುಡ್ಡು ಬೇಡ ಅಂದಿದ್ದಾನೆ. ಊಟದ ದುಡ್ಡು ಮಾತ್ರ ಅತ್ತಿಗೆ ಹೇಳಿದಷ್ಟು. ಒಂದು ಸಲಕ್ಕೆ ಹನ್ನೆರಡು ಮಕ್ಕಳು, ಜೊತೆಗೆ ಇಬ್ಬರು ಮೇಷ್ಟ್ರು, ಅದರಲ್ಲಿ ಒಬ್ಬರು ಮೇಡಂ ಇರಲೇಬೇಕು. ಚಿಕ್ಕವರಿಗೆ ಮನೆ ಜಗಲಿ, ದೊಡ್ಡವರಿಗೆ ಟೆಂಟ್. ಹೊದಿಕೆ, ಟಾರ್ಚ್, ತಟ್ಟೆ, ಲೋಟ ತರಬೇಕು, ಮೊಬೈಲ್ ಮೇಷ್ಟ್ರ ಹತ್ತಿರ ಒಂದು ಸಾಕು. ರಾಗಿ ಕೊಯ್ಲು ಡಿಸೆಂಬರ್ ಮೊದಲ ವಾರ ಬೀಳಬಹುದು. ಬಸ್ಸು ಊರ ಗೇಟಿನವರೆಗೆ ಬರುತ್ತದೆ, ಅಲ್ಲಿಂದ ಟ್ರ್ಯಾಕ್ಟರ್ ಕಳಿಸುತ್ತೇವೆ.