ಎರಡು ದಿನದಲ್ಲಿ ಇಂಜಿನ್ ಬದಲಿಸಿದ್ರಂತೆ!

ಈಗಷ್ಟೇ ಒಂದು ವಿಡಿಯೋ ನೋಡಿ ತಲೆ ಕೆಟ್ಟು ಕೂತಿದ್ದೀನಿ. 1966ರ ಶೆವರ್ಲೆ ಶೆವೆಲ್, ಹಳೇ ಅಮೆರಿಕನ್ ಕಾರು. ಹಳೇ 283 ಘನ ಇಂಚಿನ ವಿ8 (ಎಂಟು ಸಿಲಿಂಡರಿನ ಇಂಜಿನ್) ಕಿತ್ತು, ಗುಜರಿಯಲ್ಲಿ ಸಿಕ್ಕಿದ ಟ್ರಕ್ಕಿನ 5.3 ಲೀಟರ್ ಎಲ್‌ಎಸ್ (ಅದೇ ಕಂಪನಿಯ ಹೊಸ ತಲೆಮಾರಿನ ವಿ8) ಇಳಿಸಿದ್ದಾರೆ. ಶನಿವಾರ ಶುರು, ಭಾನುವಾರ ಸಂಜೆ ಟೈರ್ ಸುಟ್ಟು ಹೊಗೆ ಎಬ್ಬಿಸಿ "ಮುಗೀತು" ಅಂದ್ರು. ಏನು ಮುಗೀತು ಸ್ವಾಮಿ? ಇಂಜಿನ್ ಮೌಂಟಿನ ಮೇಲೆ ಕೂತಿತು, ಅಷ್ಟೇ. ಹೊಸ ಇಂಜಿನ್ನನ್ನು ಹಳೇ ಮೌಂಟಿಗೆ ಹೊಂದಿಸೋ ಅಡಾಪ್ಟರ್ ಪ್ಲೇಟ್ ಇದ್ದರೆ ಅದು ಒಂದು ಮಧ್ಯಾಹ್ನದ ಕೆಲಸ.

ಇಂಜಿನ್ ತಳದ ಎಣ್ಣೆ ಪ್ಯಾನ್ ನೋಡಿ. ಟ್ರಕ್ಕಿನ ಪ್ಯಾನ್ ಆಳ ಜಾಸ್ತಿ, ಶೆವೆಲ್‌ನಲ್ಲಿ ಫ್ರೇಮಿನ ಅಡ್ಡಪಟ್ಟಿ ಕ್ರಾಸ್‌ಮೆಂಬರಿಗಿಂತ ಕೆಳಗೆ ಜೋತಾಡುತ್ತೆ. ಮೊದಲ ರೋಡ್ ಹಂಪಿಗೇ ಗೋವಿಂದ. ಹಾಗಾಗಿ ಲೋ-ಪ್ರೊಫೈಲ್ ಪ್ಯಾನ್ ಹಾಕ್ತಾರೆ, ಸರಿ. ಪ್ಯಾನ್ ಬದಲಾದರೆ ಅದರಿಂದ ಎಣ್ಣೆ ಹೀರೋ ಪಿಕಪ್ ಟ್ಯೂಬೂ ಬದಲಾಗಬೇಕು. ಎಣ್ಣೆ ಪಂಪಿಗೆ ಆ ಟ್ಯೂಬನ್ನು ಹಿಡಿದಿರೋದು ಒಂದೇ ಬೋಲ್ಟ್, ಸೋರದಂತೆ ತಡೆಯೋದು ಒಂದು ರಬ್ಬರ್ ಓ-ರಿಂಗ್. ಹಳೇ ರಿಂಗನ್ನೇ ಒಣಗಿದ್ದ ಹಾಗೇ ತುರುಕಿದರೆ ಅಥವಾ ಬೋಲ್ಟಿನಿಂದಲೇ ಎಳೆದು ಕೂರಿಸಿದರೆ ಅದು ಹಿಸುಕಿಕೊಳ್ಳುತ್ತೆ. ಪಂಪ್ ಎಣ್ಣೆ ಜೊತೆ ಗಾಳಿ ಹೀರುತ್ತೆ, ಪ್ರೆಶರ್ ಬೀಳುತ್ತೆ, ಬೇರಿಂಗ್ ಹೋಗುತ್ತೆ. ಹೊಸ ರಿಂಗ್, ಒಂದು ಹನಿ ಎಣ್ಣೆ, ಕೈಯಲ್ಲೇ ಒತ್ತಿ ನೇರ ಕೂರಿಸಿ ಆಮೇಲೆ ಬೋಲ್ಟ್. ಇಷ್ಟೇ. ವಿಡಿಯೋದಲ್ಲಿ ಆ ಭಾಗ ಫಾಸ್ಟ್ ಫಾರ್ವರ್ಡ್!

ಪೆಟ್ರೋಲ್ ಕಥೆ ಇನ್ನೂ ಚಂದ. ಕಾರ್ಬ್ಯುರೇಟರಿಗೆ 5ರಿಂದ 7 ಪಿಎಸ್‌ಐ ಪ್ರೆಶರ್ ಸಾಕಿತ್ತು, ಎಲ್‌ಎಸ್ ಇಂಜೆಕ್ಟರುಗಳಿಗೆ 58 ಬೇಕು. ಇದಕ್ಕೆ ಸುಲಭದ ದಾರಿ ಇದೆ: 1999ರಿಂದ 2003ರ ಕಾರ್ವೆಟ್‌ನ ಫಿಲ್ಟರ್. 58ಕ್ಕೆ ಕಟ್ಟಿದ ರೆಗ್ಯುಲೇಟರ್ ಅದರೊಳಗೇ ಇದೆ. ಟ್ಯಾಂಕಿನ ಹತ್ತಿರ ಕೂರಿಸಿ, ಹೆಚ್ಚಾದ ಪೆಟ್ರೋಲನ್ನು ಅಲ್ಲಿಂದಲೇ ಟ್ಯಾಂಕಿಗೆ ವಾಪಸ್ ಕೊಟ್ಟು, ಮುಂದಕ್ಕೆ ಒಂದೇ ಪೈಪ್ ಎಳೆದರಾಯ್ತು. ಆದರೆ ಹಳೇ ಟ್ಯಾಂಕಿನೊಳಗೆ ಪೆಟ್ರೋಲ್ ತಡೆಯುವ ಗೋಡೆಗಳಿಲ್ಲ. ಕಾಲು ಟ್ಯಾಂಕ್ ಇದ್ದಾಗ ಜೋರು ತಿರುವು ತಗೊಂಡರೆ ಎಲ್ಲಾ ಒಂದು ಮೂಲೆಗೆ ಓಡುತ್ತೆ, ಪಂಪ್ ಗಾಳಿ ಕುಡಿಯುತ್ತೆ, ಇಂಜಿನ್ ಕೆಮ್ಮುತ್ತೆ. ಇಂಜೆಕ್ಷನ್‌ಗೆಂದೇ ಮಾಡಿದ ಟ್ಯಾಂಕ್ ತಗೊಳ್ಳಿ ಅಂದ್ರೆ ದುಬಾರಿ ಅಂತಾರೆ. ಅದೇ ದುಡ್ಡಲ್ಲಿ ಕ್ರೋಮ್ ವಾಲ್ವ್ ಕವರ್ ಬರುತ್ತೆ ನೋಡಿ!

ನಂಗೆ ನಿಜಕ್ಕೂ ಉರಿ ಹತ್ತಿದ್ದು ಇಲ್ಲಿ. ಸಿಲಿಂಡರ್ ಹೆಡ್‌ಗಳ (ಇಂಜಿನ್ನಿನ ಮೇಲ್ಭಾಗ) ಮೇಲಿರುವ ಸ್ಟೀಮ್ ಪೋರ್ಟಿನ ಪೈಪ್ ಕಿತ್ತು, ಬಾಯಿಗೆ ಬೋಲ್ಟ್ ಜಡಿದು ಮುಚ್ಚಿದ್ದಾರೆ. ನೋಡೋಕೆ ನೀಟಾಗಿರಲಿ ಅಂತ. ಕೂಲೆಂಟಿನಲ್ಲಿ ಸೇರುವ ಗಾಳಿ, ಆವಿ ಹೊರಗೆ ಹೋಗೋಕೆ ಇರುವ ದಾರಿಯೇ ಅದು. ರೇಡಿಯೇಟರಿನ ಮೇಲ್ಭಾಗಕ್ಕೋ ವಾಟರ್ ಪಂಪಿಗೋ ಸೇರಿಸಬೇಕು. ಮುಚ್ಚಿದರೆ ಗುಳ್ಳೆ ಹೆಡ್‌ನಲ್ಲೇ ನಿಲ್ಲುತ್ತೆ. ಮೀಟರ್ ಮುಳ್ಳು ನಾರ್ಮಲ್ ತೋರಿಸ್ತಾ ಇರುತ್ತೆ, ಗುಳ್ಳೆ ಕೂತ ಜಾಗ ಸುಡ್ತಾ ಇರುತ್ತೆ.

ಇನ್ನು ಹಳೇ ಟಿಎಚ್350 ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೇ ಹಾಕಿದರೆ, ಈ 5.3ರ ಕ್ರ್ಯಾಂಕ್ ತುದಿ 283ರಂಥ ಹಳೇ ಸ್ಮಾಲ್ ಬ್ಲಾಕ್‌ಗಿಂತ 0.4 ಇಂಚು ಒಳಗೆ. ಸ್ಪೇಸರ್, ಉದ್ದ ಬೋಲ್ಟ್ ಬೇಕೇ ಬೇಕು, ಇಲ್ಲದಿದ್ದರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಫ್ಲೆಕ್ಸ್‌ಪ್ಲೇಟ್ ಬಿರುಕು. ಇಂಜಿನ್ ಕಂಪ್ಯೂಟರಿನಲ್ಲಿ ಕಳ್ಳತನ ತಡೆಯುವ ವ್ಯವಸ್ಥೆ ಆಫ್ ಮಾಡಿಸದಿದ್ದರೆ ಸ್ಟಾರ್ಟ್ ಆಗಿ ಎರಡು ಸೆಕೆಂಡಿಗೆ ಆಫ್. ಮೌಂಟ್ ರಬ್ಬರಿನದು, ಕರೆಂಟ್ ಹಾಯಲ್ಲ, ಹಾಗಾಗಿ ಬ್ಲಾಕಿನಿಂದ ಫ್ರೇಮಿಗೆ, ಫ್ರೇಮಿನಿಂದ ಬಾಡಿಗೆ ದಪ್ಪ ಅರ್ತಿಂಗ್ ತಂತಿ ಹಾಕಿ. ಅದಿಲ್ಲದೆ ಸೆನ್ಸರ್ ಮೇಲೆ ಸೆನ್ಸರ್ ಬದಲಿಸ್ತಾ ಕೂರುವವರನ್ನು ಕಂಡರೆ ಅಯ್ಯೋ ಅನ್ಸುತ್ತೆ.

"ಅಷ್ಟೆಲ್ಲಾ ಯಾಕೆ, ಹಳೇದನ್ನೇ ಇಟ್ಕೊಳ್ಳಿ, ಅದೇ ಕಾರಿನ ಆತ್ಮ" ಅನ್ನೋ ಬಳಗ ಈಗ ಬರುತ್ತೆ, ಗೊತ್ತು. ದೊಡ್ಡ ಕಾರ್ಬ್ಯುರೇಟರ್ ಬಾಯಿ ತೆರೆದ ಸದ್ದಿಗೆ ನಾನೂ ಕರಗ್ತೀನಿ, ಸುಳ್ಳು ಯಾಕೆ ಹೇಳಲಿ. ಆದರೆ ಆ 283ಕ್ಕೆ ಎರಡು ಬಾಯಿಯ ಕಾರ್ಬ್ಯುರೇಟರಿನಲ್ಲಿ ಬರೆದಿದ್ದ 195 ಎಚ್‌ಪಿ ಗ್ರಾಸ್ ಲೆಕ್ಕ: ಫ್ಯಾನಿಲ್ಲ, ಏರ್ ಫಿಲ್ಟರಿಲ್ಲ, ಕಾರಿನ ಸೈಲೆನ್ಸರಿಲ್ಲ, ಸ್ಟ್ಯಾಂಡಿನ ಮೇಲೆ ಅಳೆದದ್ದು. 1971ರಲ್ಲಿ ಕಾರ್ವೆಟ್‌ನ ಮಾಮೂಲಿ 350ಕ್ಕೆ ಎರಡೂ ಲೆಕ್ಕ ಕೊಟ್ಟರು: ಗ್ರಾಸ್ 270, ನೆಟ್ (ಅವೆಲ್ಲಾ ಹಾಕಿ ಅಳೆದದ್ದು) 210. ಇಂಜಿನ್ ಅದೇ! ಟ್ರಕ್ಕಿನ 5.3ರ 285 ನೆಟ್ ಲೆಕ್ಕದ್ದು. ಆತ್ಮ ಬೇಕಾದವರು 350 ಬ್ಲಾಕ್ 30 ಥೌ (ಇಂಚಿನ ಸಾವಿರದಲ್ಲಿ 30 ಪಾಲು) ಬೋರ್ ಮಾಡಿಸಿ 3.75 ಇಂಚು ಸ್ಟ್ರೋಕಿನ ಕ್ರ್ಯಾಂಕ್ ಹಾಕಿ 383 ಕಟ್ಟಿಕೊಳ್ಳಿ, ಯಾರು ಬೇಡ ಅಂದ್ರು. ಕನೆಕ್ಟಿಂಗ್ ರಾಡ್ ಬೋಲ್ಟ್ ತಾಗುವ ಕಡೆ ಬ್ಲಾಕ್ ಉಜ್ಜೋದು ಮರೀಬೇಡಿ.

ನನ್ನ ಜಗಳ ಇಂಜಿನ್ ಬದಲಿಸೋದರ ಜೊತೆ ಅಲ್ಲ. ಬದಲಿಸಿದ್ದು ಇಂಜಿನ್ ಮಾತ್ರ ಅನ್ನೋದರ ಜೊತೆ. ಹಿಂದಿನ ಆಕ್ಸಲ್ ಆ ಕಾಲದ ನಾಜೂಕು 8.2 ಇಂಚಿನ 10-ಬೋಲ್ಟ್, ಅಗಲ ಟೈರ್ ಹಾಕಿ ಒದ್ದರೆ ಎಷ್ಟು ದಿನ ಬರುತ್ತೆ? ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕೊನೆಯಲ್ಲಿ ಇಂಜಿನ್ ತೋರಿಸೋಕೆ ಬಾನೆಟ್ ಎತ್ತಿದಾಗ ಪಕ್ಕದಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಕಾಣುತ್ತೆ, ವಿಡಿಯೋ ನಿಲ್ಲಿಸಿ ನೋಡಿದೆ. ಒಂದೇ ಡಬ್ಬಿಯದು. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಖತಂ. 1966ರದ್ದೇ, ಹಾಗೇ ಇದೆ, ಕಪ್ಪು ಬಣ್ಣ ಮಾತ್ರ ಹೊಸದು.